ಬಳ್ಳಾರಿ ಜಾಲಿ ಕೊಯ್ಯುವವರೇ, ಚೈನ್ ಸಾ ಹಲ್ಲಿಗೆ ಮನೆಯಲ್ಲೇ ಸಾಣೆ ಹಿಡಿಯಿರಿ

ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಕಾಲುವೆ ದಂಡೆಯಲ್ಲಿ, ಹೊಲದ ಬದುವಿನಲ್ಲಿ ಜಾಲಿ ಕೊಯ್ಯುವವರಿಗೆ ಇದು ಗೊತ್ತಿರುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಚೈನ್ ಮಧ್ಯಾಹ್ನಕ್ಕೆ ಮೊಂಡು. ಕಟ್ಟಿಗೆ ಗಟ್ಟಿ, ನಿಜ. ಆದರೆ ಹಲ್ಲನ್ನು ಜಾಸ್ತಿ ಹಾಳು ಮಾಡುವುದು ಮಣ್ಣು. ಜಾಲಿ ಬುಡದಿಂದಲೇ ಕವಲೊಡೆಯುತ್ತದೆ, ತೊಗಟೆಯ ಬಿರುಕಿನಲ್ಲೆಲ್ಲ ಧೂಳು ಕೂತಿರುತ್ತದೆ, ಇನ್ನು ಓಡುವ ಚೈನ್ ಒಮ್ಮೆ ನೆಲಕ್ಕೆ ತಾಗಿದರಂತೂ ಮೊನೆ ಹೋಯಿತು ಅಂತಲೇ ತಿಳಿಯಿರಿ.

ಮೊಂಡಾಗಿದೆ ಅಂತ ಗೊತ್ತಾಗುವುದು ಪುಡಿ ನೋಡಿದಾಗ. ಹರಿತ ಹಲ್ಲು ಚಕ್ಕೆ ಚಕ್ಕೆಯಾಗಿ ಕೆತ್ತುತ್ತದೆ, ಮೊಂಡು ಹಲ್ಲು ಹಿಟ್ಟಿನಂಥ ಪುಡಿ ಉದುರಿಸುತ್ತದೆ. ಮಿಷನ್ ಒತ್ತಿ ಕೊಯ್ಯಬೇಕಾಯಿತು ಅಂದರೆ ಆಗಲೇ ನಿಲ್ಲಿಸಿ. ಒತ್ತಿದಷ್ಟೂ ಬಾರ್, ಅಂದರೆ ಚೈನ್ ಸುತ್ತ ಓಡುವ ಆ ಉದ್ದನೆ ಉಕ್ಕಿನ ಪಟ್ಟಿ, ಬಿಸಿಯಾಗುತ್ತದೆ, ಕೈಯೂ ಸೋಲುತ್ತದೆ.

ಬೇಕಾಗುವುದು ಒಂದು ದುಂಡನೆ ಅರ, ಒಂದು ಚಪ್ಪಟೆ ಅರ, ಡೆಪ್ತ್ ಗೇಜ್ (ಹಲ್ಲಿನ ಮುಂದಿನ ಗುಬುಟು) ಅಳೆಯುವ ಪಟ್ಟಿ, ದಪ್ಪ ಕೈಗವಸು. ದುಂಡನೆ ಅರದ ಗಾತ್ರ ಮಾತ್ರ ಸರಿಯಾಗಿರಲೇಬೇಕು. ಅದನ್ನು ಚೈನ್‌ನ ಪಿಚ್, ಅಂದರೆ ರಿವೆಟ್‌ಗಳ ನಡುವಿನ ಸರಾಸರಿ ಅಂತರ (ಇಂಚಿನಲ್ಲಿ), ನೋಡಿ ತಗೊಳ್ಳಬೇಕು. ಚಿಕ್ಕ ಮಿಷನ್‌ಗಳ 3/8 ಲೋ ಪ್ರೊಫೈಲ್ ಚೈನ್‌ಗೆ ಸಾಮಾನ್ಯವಾಗಿ 4 ಮಿ.ಮೀ., .325 ಪಿಚ್‌ಗೆ 4.8 ಮಿ.ಮೀ., ದೊಡ್ಡ 3/8 ಚೈನ್‌ಗೆ 5.2 ಮಿ.ಮೀ. ಪಿಚ್ ಎಷ್ಟು ಅನ್ನುವುದು ಹೆಚ್ಚಾಗಿ ಬಾರ್‌ನ ಬುಡದಲ್ಲೇ ಕೊರೆದಿರುತ್ತದೆ. ಅಂಗಡಿಯವರು ಕೊಟ್ಟಿದ್ದನ್ನು ಸುಮ್ನೆ ತರಬೇಡಿ, ನೋಡಿಕೊಂಡು ಹೋಗಿ ಕೇಳಿ.

ಇಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ ಕ್ಯಾಪ್ ತೆಗೆಯಿರಿ. ಬ್ರಷ್‌ನಿಂದ ಎಣ್ಣೆ, ಮಣ್ಣು ಒರೆಸಿ. ಬಾರನ್ನು ವೈಸ್‌ಗೆ ಕಚ್ಚಿಸಿ. ವೈಸ್ ಇಲ್ಲದಿದ್ದರೆ ಮರದ ದಿಮ್ಮಿಯಲ್ಲಿ ಒಂದು ಸೀಳು ಮಾಡಿ ಬಾರನ್ನು ಅದರಲ್ಲಿ ಬಿಗಿಯಾಗಿ ಕೂರಿಸಿ, ಹೊಲದಲ್ಲಿ ಇದೇ ಸಾಕು.

ಹಲ್ಲಿನ ಒಳಗಿನಿಂದ ಹೊರಕ್ಕೆ ಅರ ದೂಡಿ. ಹಿಂದಕ್ಕೆ ತರುವಾಗ ಎತ್ತಿ ತನ್ನಿ. ಹಿಂದೆ ಮುಂದೆ ಉಜ್ಜಿದರೆ ಅರವೂ ಸವೆಯುತ್ತದೆ, ಮೊನೆಯೂ ಕೆಡುತ್ತದೆ. ಹೆಚ್ಚಿನ ಚೈನ್‌ಗಳಿಗೆ ಕೋನ 30 ಡಿಗ್ರಿ, ಹಲ್ಲಿನ ಮೇಲೆ ಕಂಪನಿಯವರೇ ಗೀಟು ಹಾಕಿರುತ್ತಾರೆ, ಅರ ಅದಕ್ಕೆ ಸಮಾನಾಂತರವಾಗಿ ಓಡಲಿ. ಅರದ ದಪ್ಪದಲ್ಲಿ ಐದನೇ ಒಂದು ಭಾಗ ಮಾತ್ರ ಹಲ್ಲಿನ ಮೇಲಕ್ಕೆ ಕಾಣಬೇಕು. ಕೆಳಕ್ಕೆ ಇಳಿದರೆ ಮೊನೆ ತೆಳುವಾಗಿ ಕೊಕ್ಕೆ ಥರ ಆಗುತ್ತದೆ, ಜಾಲಿಯಂಥ ಕಟ್ಟಿಗೆಯಲ್ಲಿ ಅದು ಬೇಗ ಮುರುಟಿಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಸವೆದ ಹಲ್ಲಿನಿಂದ ಶುರು ಮಾಡಿ, ಅದು ಹರಿತ ಆಗಲು ಎಷ್ಟು ಸಲ ಅರ ಹಾಕಿದಿರೋ ಉಳಿದವಕ್ಕೂ ಅಷ್ಟೇ ಹಾಕಿ, ಉದ್ದ ಎಲ್ಲಕ್ಕೂ ಒಂದೇ ಬರುವಂತೆ ನೋಡಿಕೊಳ್ಳಿ. ಒಂದು ಬದಿಯ ಹಲ್ಲೆಲ್ಲ ಮುಗಿಸಿ ಆಮೇಲೆ ಇನ್ನೊಂದು ಬದಿಗೆ ಬನ್ನಿ. ಕೊಯ್ಯುವಾಗ ಬಾರ್ ಒಂದೇ ಕಡೆಗೆ ಎಳೆಯುತ್ತಿದ್ದರೆ ಎರಡು ಬದಿ ಸಮ ಇಲ್ಲ ಅಂತ ಅರ್ಥ.

ಹಲ್ಲಿನ ಮುಂದೆ ಒಂದು ಗುಬುಟು ಇದೆ ಅಲ್ವಾ, ಅದೇ ಡೆಪ್ತ್ ಗೇಜ್. ಹಲ್ಲು ಸವೆದಂತೆ ಗಿಡ್ಡ ಆಗುತ್ತದೆ, ಗುಬುಟು ಹಾಗೇ ಉಳಿಯುತ್ತದೆ. ಹಲ್ಲು ಎಷ್ಟು ಹರಿತ ಇದ್ದರೂ ಆಗ ಕಟ್ಟಿಗೆಗೆ ಹತ್ತುವುದಿಲ್ಲ. ನಮ್ಮ ಕಡೆ ಬಹಳ ಜನ ಇದನ್ನು ಮುಟ್ಟುವುದೇ ಇಲ್ಲ, ಚೈನ್ ಹೋಯಿತು ಅಂತ ಹೊಸದು ತರುತ್ತಾರೆ. ಕೆಲವು ಸಲ ಸಾಣೆ ಹಿಡಿದ ಮೇಲೆ ಪಟ್ಟಿ ಇಟ್ಟು ನೋಡಿ, ಮೇಲೆ ಚಾಚಿದ್ದನ್ನು ಚಪ್ಪಟೆ ಅರದಿಂದ ತೆಗೆಯಿರಿ. ಹಲವು ಚೈನ್‌ಗಳಿಗೆ ಹಲ್ಲಿಗಿಂತ 0.65 ಮಿ.ಮೀ. ತಗ್ಗು ಇರಬೇಕು. ಅದಕ್ಕಿಂತ ಇಳಿಸಬೇಡಿ. ಮಿಷನ್ ಜಗ್ಗುತ್ತದೆ, ಮುಖದ ಕಡೆಗೆ ಹಿಂದಕ್ಕೆ ಒದೆಯುವ ಅಪಾಯವೂ ಹೆಚ್ಚು.

ಗ್ರೈಂಡರ್‌ಗೆ ಕೊಡುವುದು ನನಗೆ ಇಷ್ಟವಿಲ್ಲ. ಅವಸರದಲ್ಲಿ ಒತ್ತಿದರೆ ಮೊನೆ ನೀಲಿಗಟ್ಟುತ್ತದೆ, ಉಕ್ಕಿನ ಹದ ಹೋಗುತ್ತದೆ. ಪೆಟ್ರೋಲ್ ತುಂಬುವಾಗಲೆಲ್ಲ ಪ್ರತಿ ಹಲ್ಲಿಗೆ ಎರಡು ಮೂರು ಸಲ ಅರ ಹಾಕಿದರೆ ಗ್ರೈಂಡರ್ ಬೇಕಾಗುವುದೇ ಇಲ್ಲ. ಮುಗಿದ ಮೇಲೆ ಚೈನ್ ಬಿಗಿ ನೋಡಿ, ಬಾರ್ ಎಣ್ಣೆ ತುಂಬಿಸಿ. ಬುಡ ಕೊಯ್ಯುವ ಮೊದಲು ಕೊಡಲಿಯಿಂದ ಅಲ್ಲಿನ ತೊಗಟೆ ಸವರಿ ಮಣ್ಣು ಉದುರಿಸಿ. ಬದುವಿನ ಮರವಾದರೆ ಒಳಗೆ ಹಳೇ ಬೇಲಿ ತಂತಿ ಹೂತಿದೆಯಾ ಅಂತಲೂ ಸುತ್ತ ನೋಡಿಕೊಳ್ಳಿ.