ಇಟ್ಟಿಗೆಗೂ ಬಾಯಾರಿಕೆ ಇರುತ್ತೆ

ಗೋಡೆಯ ಮೂರು ಸಾಲು ಕಟ್ಟಿ ಮುಗಿಸಿ ಮನೆಗೆ ಹೋಗಿದ್ದೆ. ಮಾರನೇ ದಿನ ಬೆಳಗ್ಗೆ ಬಂದು ಸುಮ್ನೆ ಮೇಲಿನ ಇಟ್ಟಿಗೆ ಹಿಡಿದು ಅಲ್ಲಾಡಿಸಿದರೆ ಅದು ಕೈಗೇ ಬಂತು. ಕೆಳಗಿದ್ದ ಗಾರೆ ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ನಮ್ಮೂರಿನ ಹಳೇ ಮೇಸ್ತ್ರಿ ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. "ಇಟ್ಟಿಗೆ ನೆನೆಹಾಕಿದ್ರಾ ಸ್ವಾಮಿ?" ಅಂದರು. ಚೊಂಬಿನಲ್ಲಿ ನೀರು ಚಿಮುಕಿಸಿದ್ದೆ ಅಂದೆ. "ಅದಕ್ಕೆ ಬಾಯಾರಿಕೆ. ಗಾರೇಲಿದ್ದ ನೀರನ್ನೆಲ್ಲ ಅದೇ ಕುಡಿದ್ಬಿಟ್ಟದೆ" ಅಂತ ಹೇಳಿ ನಕ್ಕರು.

ತೋಟದ ಬೋರ್‌ವೆಲ್ ಪಕ್ಕ 10 ಅಡಿಗೆ 8 ಅಡಿಯ ಪಂಪ್ ಮನೆ. ಸೈಜುಗಲ್ಲಿನ ಪಾಯವನ್ನು ಬೇರೆಯವರಿಂದ ಹಾಕಿಸಿದ್ದೆ. 9 ಇಂಚಿನ ಗೋಡೆಯನ್ನು ಮಾತ್ರ ನಾನೇ ಕಟ್ಟುತ್ತೇನೆ ಅಂತ ಹಟ. ಸುಮಾರು 2,500 ಇಟ್ಟಿಗೆ ಬೇಕಾಯಿತು.

ಮೂರೂ ಸಾಲು ಕಿತ್ತೆ. ಅವತ್ತಿನಿಂದ ಎರಡು ಡ್ರಮ್ ತುಂಬಾ ನೀರಿಟ್ಟು, ಇಟ್ಟಿಗೆ ಮುಳುಗಿಸಿ, ಗುಳ್ಳೆ ಬರುವುದು ನಿಂತ ಮೇಲೆಯೇ ಹೊರಗೆ ತೆಗೆಯುತ್ತಿದ್ದೆ. ತೆಗೆದ ತಕ್ಷಣ ಕಟ್ಟಬಾರದು. ಮೈಮೇಲಿನ ನೀರು ಸೋರಿಹೋಗಬೇಕು, ಇಲ್ಲದಿದ್ದರೆ ಗಾರೆಯ ಮೇಲೆ ಇಟ್ಟಿಗೆ ಜಾರುತ್ತದೆ.

ಇಟ್ಟಿಗೆ ಎಷ್ಟು ಕುಡಿಯುತ್ತದೆ ಅಂತಲೂ ನೋಡಿದೆ. ಚೆನ್ನಾಗಿ ಒಣಗಿದ್ದನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ 3.2 ಕಿಲೋ. 24 ಗಂಟೆ ನೀರಲ್ಲಿಟ್ಟ ಮೇಲೆ 3.7. ಅಂದರೆ ನೂರಕ್ಕೆ ಸುಮಾರು 16. ಸಾಮಾನ್ಯ ಇಟ್ಟಿಗೆಗೆ 20 ದಾಟಬಾರದು. ಇನ್ನು ಎರಡನ್ನು ಒಂದಕ್ಕೊಂದು ತಟ್ಟಿದರೆ ಠಣ್ ಅನ್ನಬೇಕು. ಬೆಂದಿಲ್ಲದ್ದು ಡಬ್ ಅನ್ನುತ್ತದೆ, ಉಗುರಿಗೂ ಗೀರು ಬೀಳುತ್ತದೆ. ನನ್ನ ಲೋಡಿನಲ್ಲಿ ಅಂಥವು ಒಂದಷ್ಟು ಇದ್ದವು. ಪಕ್ಕಕ್ಕೆ ಹಾಕಿದೆ.

ಗಾರೆ ಒಂದಕ್ಕೆ ಆರು, ಅಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಬಾಂಡ್ಲಿ ಅಳತೆ ಸುಲಭ ಅನ್ನಿಸುತ್ತದೆ, ಆದರೆ ಮರಳು ಮೋಸ ಮಾಡುತ್ತದೆ. ರಾತ್ರಿ ಮಳೆ ಬಿದ್ದು ಒದ್ದೆಯಾದ ಮರಳು ಉಬ್ಬಿಕೊಂಡಿರುತ್ತದೆ. ಆರು ಬಾಂಡ್ಲಿ ಹಾಕಿದರೂ ಒಳಗೆ ಮರಳು ಕಡಿಮೆಯೇ. ಆಮೇಲೆ ಟಾರ್ಪಾಲ್ ಮುಚ್ಚಿಟ್ಟೆ. ಸಿಮೆಂಟು, ಮರಳು ಎರಡನ್ನೂ ಒಣದಾಗಿಯೇ ಮೂರು ಸಲ ಮಗುಚಿ, ಒಂದೇ ಬಣ್ಣ ಬಂದ ಮೇಲೆ ನಡುವೆ ಗುಂಡಿ ಮಾಡಿ ನೀರು ಹಾಕುವುದು. ಒಂದು ದಿನ ಫೋನಿನಲ್ಲಿ ಮಾತಾಡುತ್ತಾ ಗಾರೆ ಗಟ್ಟಿಯಾಯಿತು. ಇನ್ನೊಂದು ಚೊಂಬು ನೀರು ಹಾಕಿ ಕಲಸುತ್ತಿದ್ದೆ. ಮೇಸ್ತ್ರಿ ಅದನ್ನು ಸಲಿಕೆಯಲ್ಲಿ ಎತ್ತಿ ಆಚೆ ಎಸೆದರು. ಬೇಜಾರಾಯಿತು, ಆದರೆ ಅವರು ಮಾಡಿದ್ದೇ ಸರಿ. ಹಿಡಿದುಕೊಳ್ಳಲು ಶುರುವಾದ ಸಿಮೆಂಟಿಗೆ ನೀರು ಹಾಕಿದರೆ ಮೆತ್ತಗಾಗುತ್ತದೆ, ಬಲ ಬರುವುದಿಲ್ಲ. ಆಮೇಲೆ ಅರ್ಧ ಗಂಟೆಯಲ್ಲಿ ಖಾಲಿಯಾಗುವಷ್ಟು ಮಾತ್ರ ಕಲಸಿದೆ.

ಮಟ್ಟಕ್ಕೂ ನೀರೇ. ಪಾರದರ್ಶಕ ಪೈಪಿಗೆ ನೀರು ತುಂಬಿ ನಾಲ್ಕು ಮೂಲೆಗೂ ಗುರುತು ಹಾಕಿದೆ. ಒಳಗೆ ಒಂದು ಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತದೆ, ಅದು ಗೊತ್ತಾಗಲು ನನಗೆ ಅರ್ಧ ದಿನ ಹಿಡಿಯಿತು. ಮೂಲೆಗೆ ಮೂರು, ನಾಲ್ಕು, ಐದು ಅಡಿಯ ಹಳೇ ಲೆಕ್ಕ: ಒಂದು ಬದಿಗೆ ಮೂರು, ಇನ್ನೊಂದಕ್ಕೆ ನಾಲ್ಕು ಅಳೆದಾಗ ಓರೆ ಅಳತೆ ಐದು ಬಂದರೆ ಮೂಲೆ ಸರಿ. ರಸಮಟ್ಟ, ತೂಕದ ಗುಂಡು, ಕರಣೆ ಮೂರನ್ನೂ ಮೇಸ್ತ್ರಿಯಿಂದಲೇ ಎರವಲು ತಂದಿದ್ದೆ.

ಮೊದಲು ಮೂಲೆಗಳನ್ನು ಎಬ್ಬಿಸಿ, ದಾರ ಕಟ್ಟಿ, ಆಮೇಲೆ ನಡುವೆ ತುಂಬುವುದು. ಒಂದು ಸಾಲು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಸಂದಿನ ಮೇಲೆ ಸಂದು ಬರಬಾರದು. ಅದಕ್ಕಾಗಿ ಅಡ್ಡ ಸಾಲಿನಲ್ಲಿ ಮೂಲೆಯ ಇಟ್ಟಿಗೆಯ ಪಕ್ಕ ಉದ್ದಕ್ಕೆ ಸೀಳಿದ ತುಂಡು ಇಡಬೇಕು. ಉದ್ದಕ್ಕೆ ಸೀಳುವುದು ಇದೆಯಲ್ಲ, ಅದು ಕೈಗೆ ಬರುವಷ್ಟರಲ್ಲಿ ಹದಿನೈದು ಇಟ್ಟಿಗೆ ಚೂರಾಗಿದ್ದವು. ಮೇಸ್ತ್ರಿ ಕರಣೆಯ ಅಂಚಿನಲ್ಲೇ ಎರಡು ಏಟಿಗೆ ಸೀಳುತ್ತಿದ್ದರು! ಇಟ್ಟಿಗೆಯ ಗುಳಿ ಇರುವ ಮುಖ ಮೇಲೆ ಬರಬೇಕು, ಸಂದು 10 ಮಿಲಿಮೀಟರ್. ನನ್ನದು ಕೆಲವು ಕಡೆ ಹೆಬ್ಬೆರಳಿನಷ್ಟು ದಪ್ಪ ಬಂದಿದೆ, ಸುಳ್ಳು ಯಾಕೆ ಹೇಳಲಿ.

ಒಂದು ದಿನಕ್ಕೆ ಒಂದೂವರೆ ಮೀಟರ್‌ಗಿಂತ ಜಾಸ್ತಿ ಎಬ್ಬಿಸಬಾರದು ಅನ್ನುತ್ತಾರೆ. ಕೆಳಗಿನ ಹಸಿ ಗಾರೆ ಭಾರಕ್ಕೆ ಕುಸಿಯುತ್ತದೆ. ನನಗೆ ಆ ಭಯವೇ ಇರಲಿಲ್ಲ, ಎರಡು ಅಡಿ ಏರಿದರೆ ನಡು ಹಿಡಿದುಕೊಳ್ಳುತ್ತಿತ್ತು.

ಕಟ್ಟಿದ ಮೇಲೆ ಏಳು ದಿನ ಗೋಣಿಚೀಲ ಹೊದಿಸಿ, ಬೆಳಗ್ಗೆ, ಮಧ್ಯಾಹ್ನ, ಸಂಜೆ ನೀರು. ಬೇಸಿಗೆಯ ಬಿಸಿಲಿಗೆ ಗೋಣಿ ಗಂಟೆಯೊಳಗೆ ಒಣಗುತ್ತಿತ್ತು. ಕರೆಂಟ್ ಇಲ್ಲದ ದಿನ ಪಂಪ್ ಓಡುವುದಿಲ್ಲ, ತೊಟ್ಟಿಯಿಂದ ಬಿಂದಿಗೆಯಲ್ಲಿ ಹೊತ್ತೆ. ಏಳನೇ ದಿನ ಮೇಸ್ತ್ರಿ ಬಂದು ಮೇಲಿನ ಸಾಲಿನ ಇಟ್ಟಿಗೆಗೆ ಕಾಲಿಂದ ಒದ್ದರು. ಅಲ್ಲಾಡಲಿಲ್ಲ. ಬೇಯದ ಇಟ್ಟಿಗೆಗಳು ಈಗ ತೆಂಗಿನ ಬುಡದ ಪಾತಿಗೆ ಅಂಚಾಗಿವೆ, ಮಳೆಗೆ ಆಗಲೇ ಕರಗಲು ಶುರುವಾಗಿವೆ.