ಏಲಕ್ಕಿ ಹಾಕದೆ ವಿಯೆಟ್ನಾಂ ಸಿಹಿ: ಕೊಡಗಿನ ಅಡುಗೆಮನೆಯಿಂದ

ವಿಯೆಟ್ನಾಂ ಸಿಹಿ ಮಾಡೋಣ ಅಂತಿದ್ದರೆ ಮೊದಲು ಏಲಕ್ಕಿ ಡಬ್ಬ, ತುಪ್ಪದ ಭರಣಿ ಎರಡನ್ನೂ ಒಳಗಿಡಿ. ಕೊಡಗಿನಲ್ಲಿ ಕೂತು ಹೀಗೆ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ, ಗೊತ್ತು. ಆದರೆ ಏಲಕ್ಕಿ ಬಿತ್ತೋ, ಅದು ನಮ್ಮ ಪಾಯಸವೇ. ಅಲ್ಲಿನ ಪರಿಮಳವೆಲ್ಲ ತೆಂಗಿನ ಹಾಲು, ಶುಂಠಿ, ಹುರಿದ ಎಳ್ಳು, ಪಂಡನ್ ಎಲೆಯದ್ದು. ಪಂಡನ್ ಸಿಗದಿದ್ದರೆ ಬಿಡಿ, ಎಸೆನ್ಸ್ ಬಾಟಲಿ ಹುಡುಕಿಕೊಂಡು ಹೋಗಬೇಡಿ. ಉಪ್ಪನ್ನು ಮಾತ್ರ ಬಿಡಬೇಡಿ. "ಸಿಹಿಗೆ ಉಪ್ಪಾ?" ಅಂತ ನಮ್ಮ ಅತ್ತೆ ಮೂಗು ಮುರಿದರು, ಆಮೇಲೆ ಬಟ್ಟಲು ತುಂಬ ಎರಡನೇ ಸಲ ಹಾಕಿಸಿಕೊಂಡರು.

ಹೊಸಬರು ಚೆ ಚುಓಯ್‌ನಿಂದ ಶುರು ಮಾಡಿ. ಬಾಳೆಹಣ್ಣು, ಸಬ್ಬಕ್ಕಿ, ತೆಂಗಿನ ಹಾಲು, ಅಷ್ಟೇ. 'ಚೆ' ಅಂದರೆ ಅಲ್ಲಿ ಪಾಯಸದ ಥರದ ಸಿಹಿಗಳ ಒಂದು ದೊಡ್ಡ ಬಳಗ. ಕೆಲವನ್ನು ಬಿಸಿಯಾಗಿ, ಕೆಲವನ್ನು ಐಸ್ ಹಾಕಿ ತಿನ್ನುತ್ತಾರೆ. ಸಂತೆಯಲ್ಲಿ ಮಾಗಿದ, ಆದರೆ ಒತ್ತಿದರೆ ಇನ್ನೂ ಗಟ್ಟಿಯಿರುವ ಎರಡು ಮೂರು ನೇಂದ್ರ ಬಾಳೆಹಣ್ಣು ಆರಿಸಿ. ಏಲಕ್ಕಿ ಬಾಳೆ, ಪಚ್ಚಬಾಳೆ ಬೇಡ, ಬಿಸಿಗೆ ಕರಗಿ ಮುದ್ದೆಯಾಗುತ್ತವೆ. ದಪ್ಪ ಬಿಲ್ಲೆಗಳಾಗಿ ಕತ್ತರಿಸಿ, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು ಸವರಿ 15 ನಿಮಿಷ ಇಡಿ.

ಒಂದು ತೆಂಗಿನಕಾಯಿ ತುರಿದು ಗಟ್ಟಿ ಹಾಲು ಒಂದು ಕಪ್, ನೀರು ಹಾಲು ಎರಡೂವರೆ ಕಪ್ ತೆಗೆಯಿರಿ. ಕಾಲು ಕಪ್ ಸಣ್ಣ ಸಬ್ಬಕ್ಕಿಯನ್ನು ತೊಳೆದು ಸ್ವಲ್ಪ ಹೊತ್ತು ನೆನೆಸಿ, ನೀರು ಹಾಲಿನಲ್ಲಿ ಬೇಯಿಸಿ. ತಳ ಹಿಡಿಯುತ್ತದೆ, ಕೈಯಾಡಿಸುತ್ತಿರಿ. ಕಾಳಿನ ನಡುವೆ ಸೂಜಿ ಮೊನೆಯಷ್ಟು ಬಿಳಿ ಚುಕ್ಕೆ ಉಳಿದಾಗ ಬಾಳೆಹಣ್ಣು ಹಾಕಿ. ಐದಾರು ನಿಮಿಷ ಸಣ್ಣ ಉರಿ ಸಾಕು. ಅಷ್ಟರಲ್ಲಿ ಚುಕ್ಕೆಯೂ ಮಾಯ. ಗಟ್ಟಿ ಹಾಲು ಕೊನೆಗೆ. ಅದು ಕುದಿಯಬಾರದು. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದ ತಕ್ಷಣ ಒಲೆ ಆರಿಸಿ, ಇಲ್ಲದಿದ್ದರೆ ಹಾಲು ಒಡೆದು ಎಣ್ಣೆ ತೇಲುತ್ತದೆ. ರುಚಿ ನೋಡಿ ಸಕ್ಕರೆ ಹಾಕಿ, ನಮ್ಮ ಪಾಯಸಕ್ಕಿಂತ ಕಡಿಮೆಯೇ ಇರಲಿ. ಮೇಲೆ ಹುರಿದು ಕುಟ್ಟಿದ ಕಡಲೆಬೀಜ, ಎಳ್ಳು. ತಣ್ಣಗಾದರೆ ಗಟ್ಟಿಯಾಗುತ್ತದೆ, ಸ್ವಲ್ಪ ಬಿಸಿನೀರು ಬೆರೆಸಿದರೆ ಆಯ್ತು.

ಜೋರು ಮಳೆ ಹಿಡಿದಾಗ ನನಗೆ ಬೇಕಾಗುವುದು ಚೆ ಚೋಯ್ ನುಕ್, ಶುಂಠಿ ಪಾಕದಲ್ಲಿ ತೇಲುವ ಉಂಡೆ. ಕಡಂಬುಟ್ಟು, ಅಂದರೆ ಅಕ್ಕಿತರಿಯ ನಮ್ಮ ಆವಿ ಉಂಡೆ, ಕಟ್ಟಿ ಪಳಗಿದ ಕೈಗೆ ಇದು ಕಷ್ಟವಲ್ಲ. ಆದರೆ ನಮ್ಮ ತರಿ, ಅಕ್ಕಿಹಿಟ್ಟು ಇಲ್ಲಿ ನಡೆಯುವುದಿಲ್ಲ, ಉಂಡೆ ಬಿರುಕು ಬಿಟ್ಟು ಒಡೆಯುತ್ತದೆ. ಬೇಕಾಗಿರುವುದು ಅಂಟಕ್ಕಿ ಹಿಟ್ಟು. ಪ್ಯಾಕೆಟ್ ಮೇಲೆ 'ಗ್ಲುಟಿನಸ್ ರೈಸ್ ಫ್ಲೋರ್' ಅಂತಿರುತ್ತದೆ. ಆ ಅಕ್ಕಿಯ ಪಿಷ್ಟ ಬಹುತೇಕ ಅಮೈಲೊಪೆಕ್ಟಿನ್ ಎಂಬ ಅಂಟುವ ಬಗೆಯದ್ದು, ಅದಕ್ಕೇ ಆ ಜಿಗುಟು. ಊರಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ.

ಅರ್ಧ ಕಪ್ ಹೆಸರುಬೇಳೆ ಎರಡು ಗಂಟೆ ನೆನೆಸಿ, ಆವಿಯಲ್ಲಿ ಬೇಯಿಸಿ, ಸಕ್ಕರೆ, ಉಪ್ಪು ಸೇರಿಸಿ ನುಣ್ಣಗೆ ಹಿಸುಕಿ ಚಿಕ್ಕ ಗೋಲಿಗಳಾಗಿ ಕಟ್ಟಿ. ದಕ್ಷಿಣ ವಿಯೆಟ್ನಾಂನಲ್ಲಿ ಇದಕ್ಕೆ ಹುರಿದ ಸಣ್ಣ ಈರುಳ್ಳಿಯನ್ನೂ ಹಾಕುತ್ತಾರೆ. ನನಗಂತೂ ಬಹಳ ಇಷ್ಟ, ಮಕ್ಕಳಿಗೆ ಇಲ್ಲ. 200 ಗ್ರಾಂ ಹಿಟ್ಟಿಗೆ ಬೆಚ್ಚಗಿನ ನೀರು ಮುಕ್ಕಾಲು ಕಪ್‌ನಷ್ಟು ಬೇಕಾದೀತು. ಒಮ್ಮೆಲೇ ಸುರಿಯಬೇಡಿ. ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾದರೆ ಹದ ಬಂತು. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಒಂದು ಚೂರು ಹಿಟ್ಟು ಅಂಗೈಯಲ್ಲಿ ತಟ್ಟಿ, ನಡುವೆ ಗೋಲಿ ಇಟ್ಟು ಮುಚ್ಚಿ, ಒಳಗೆ ಗಾಳಿ ಉಳಿಯದಂತೆ ಉರುಳಿಸಿ. ಕುದಿಯುವ ನೀರಿಗೆ ಬಿಡಿ. ತೇಲಿ ಬಂದ ಮೇಲೂ ಎರಡು ಮೂರು ನಿಮಿಷ ಕಾಯಿರಿ. ತೆಗೆದು ತಣ್ಣೀರಿಗೆ ಹಾಕಿ, ಒಂದಕ್ಕೊಂದು ಅಂಟುವುದಿಲ್ಲ.

ಪಾಕಕ್ಕೆ 200 ಗ್ರಾಂ ಬೆಲ್ಲ, ಮೂರು ಕಪ್ ನೀರು, ಎರಡಿಂಚು ಶುಂಠಿ ಜಜ್ಜಿ ಕುದಿಸಿ ಸೋಸಿ. ಎಳೆ ಪಾಕ ಗೀಕ ಏನೂ ಬೇಡ, ನೀರಾಗಿಯೇ ಇರಲಿ. ಉಂಡೆಗಳನ್ನು ಅದರಲ್ಲಿ ಐದು ನಿಮಿಷ ಬಿಸಿ ಮಾಡಿ, ಮೇಲೆ ಉಪ್ಪು ಬೆರೆಸಿದ ಗಟ್ಟಿ ತೆಂಗಿನ ಹಾಲು, ಎಳ್ಳು. ಫ್ರಿಜ್ಜಿಗಿಟ್ಟರೆ ಕಲ್ಲಾಗುತ್ತವೆ, ಅವತ್ತೇ ಖಾಲಿ ಮಾಡಿ.

ಇನ್ನು ಬಾನ್ ಫ್ಲಾನ್. ಫ್ರೆಂಚರ ಕಾಲದಲ್ಲಿ ಅಲ್ಲಿಗೆ ಹೋಗಿ ಅಲ್ಲಿಯದೇ ಆದ ಪುಡ್ಡಿಂಗು. ಅರ್ಧ ಕಪ್ ಸಕ್ಕರೆ ಕೆಂಪಗೆ ಕರಗಿಸಿ ಬಟ್ಟಲುಗಳ ತಳಕ್ಕೆ ಸುರಿಯಿರಿ. ನಾಲ್ಕು ಮೊಟ್ಟೆ, ಎರಡು ಕಪ್ ಹಾಲು, 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ನೊರೆ ಬರದಂತೆ ಕಲಸಿ, ಸೋಸಿ, ಮೇಲೆ ಸುರಿಯಿರಿ. ಇಡ್ಲಿ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 25 ನಿಮಿಷ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಹನಿ ಬಿದ್ದರೆ ಮೇಲೆ ಗುಳಿ ಬೀಳುತ್ತದೆ. ಉರಿ ಜೋರಾದರೆ ಒಳಗೆಲ್ಲ ತೂತು.

ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ತಟ್ಟೆಗೆ ಮಗುಚಿ, ಪುಡಿ ಮಾಡಿದ ಐಸ್ ಹಾಕಿ, ಮೇಲೆ ಸಕ್ಕರೆಯಿಲ್ಲದ ಕಡು ಕಾಫಿ ಒಂದೆರಡು ಚಮಚ ಸುರಿಯುತ್ತಾರೆ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಜಾಸ್ತಿ ಕಾಫಿ ಬೆಳೆಯುವುದು ವಿಯೆಟ್ನಾಂ, ಅದರಲ್ಲೂ ಬಹುಪಾಲು ರೋಬಸ್ಟಾ. ಇದೊಂದು ಸಾಮಾನಿಗೆ ನಾವು ಎಲ್ಲಿಗೂ ಹೋಗಬೇಕಿಲ್ಲ ಅಲ್ವಾ? ತೋಟದ ರೋಬಸ್ಟಾವನ್ನೇ ಕಪ್ಪಗೆ ಹುರಿಸಿ. ಪುಡಿ ಮಾಡಿಸುವಾಗ ಚಿಕೋರಿ ಬೆರೆಸಬೇಡಿ ಅಂತ ಅಂಗಡಿಯವರಿಗೆ ಮೊದಲೇ ಹೇಳಿ.