ಮನೆ ಇಬ್ಬರ ಹೆಸರಿನಲ್ಲಿ, ಸಾಲ ಒಬ್ಬರ ಹೆಸರಿನಲ್ಲಿ: ಜಪ್ತಿಯ ಭಯವಿದ್ದಾಗ ಏನು ಮಾಡಬೇಕು

ಹುಬ್ಬಳ್ಳಿಯ ನವನಗರದಲ್ಲಿ ಗಂಡ-ಹೆಂಡತಿ ಇಬ್ಬರ ಹೆಸರಿಗೂ ಖರೀದಿಯಾದ ಮನೆಯೊಂದಿದೆ, ಅದರ ಮೇಲಿನ ಸಾಲ ಮಾತ್ರ ಗಂಡನ ಹೆಸರಿನಲ್ಲಿದೆ ಎಂದುಕೊಳ್ಳೋಣ. ಅಂಗಡಿಯ ವ್ಯಾಪಾರ ಕುಸಿದು ಕಂತು ನಿಂತಾಗ ಹೆಂಡತಿ ಕೇಳುವ ಮೊದಲ ಪ್ರಶ್ನೆ, ‘ಸಾಲದಲ್ಲಿ ನನ್ನ ಹೆಸರೇ ಇಲ್ಲವಲ್ಲ, ನನ್ನ ಅರ್ಧ ಮನೆಗೆ ಏನಾಗುತ್ತದೆ?’ ಎಂಬುದು. ಆದರೆ ಮನೆಯ ಗತಿಯನ್ನು ನಿರ್ಧರಿಸುವುದು ಸಾಲದ ಖಾತೆಯಲ್ಲಿರುವ ಹೆಸರಲ್ಲ. ಅಡಮಾನದ ಕಾಗದದ ಮೇಲೆ ಆಕೆಯ ಸಹಿ ಇದೆಯೇ, ಇದ್ದರೆ ಯಾರೆಂದು ಸಹಿ ಮಾಡಿದ್ದಾರೆ ಎಂಬುದು. (ಬ್ಯಾಂಕಿನಲ್ಲಿ ‘ಫೋರ್‌ಕ್ಲೋಷರ್’ ಎಂದು ಕೇಳಿದರೆ, ಅವಧಿಗೆ ಮೊದಲೇ ಸಾಲ ತೀರಿಸಲು ಬಂದಿದ್ದೀರಿ ಎಂದು ತಿಳಿದು ಲೆಕ್ಕ ಕೊಡುತ್ತಾರೆ. ಆದ್ದರಿಂದ ಜಪ್ತಿ, ಹರಾಜು ಎಂದೇ ಕೇಳುವುದು ಲೇಸು.)

ಮೊದಲು ಕಾಗದಗಳನ್ನು ಕೂಡಿಸಿಕೊಳ್ಳಬೇಕು. ಖರೀದಿ ಪತ್ರದ ಪ್ರತಿ, ಸಿಟಿ ಸರ್ವೆ ಉತಾರ (ಆಸ್ತಿಯ ಹಕ್ಕಿನ ದಾಖಲೆ), ಪಾಲಿಕೆಯ ಇ-ಆಸ್ತಿ ದಾಖಲೆ ಮತ್ತು ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ ಕೈಯಲ್ಲಿರಬೇಕು. ಋಣಭಾರ ಪ್ರಮಾಣಪತ್ರವನ್ನು ಕಾವೇರಿ ಆನ್‌ಲೈನ್ ಮೂಲಕವೂ ಪಡೆಯಬಹುದು. ನೋಂದಾಯಿತ ವ್ಯವಹಾರಗಳಿದ್ದರೆ ಅದು ನಮೂನೆ 15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ. ನಮೂನೆ 15ರಲ್ಲಿ ಬ್ಯಾಂಕಿನ ಅಡಮಾನ ಕಂಡರೆ ಅದರ ದಸ್ತಾವೇಜು ಸಂಖ್ಯೆಯನ್ನು ಬರೆದುಕೊಂಡು ದೃಢೀಕೃತ ನಕಲು ತೆಗೆಸಬೇಕು. ‘ಬ್ಯಾಂಕಿನವರು ತೋರಿಸಿದರು, ನೋಡಿದೆ’ ಎಂಬುದು ಸಾಲದು.

ಆ ನಕಲಿನ ಕೊನೆಯ ಪುಟವನ್ನು ನಿಧಾನವಾಗಿ ಓದಬೇಕು. ಹೆಂಡತಿಯ ಸಹಿಯ ಕೆಳಗೆ ‘ಸಹ-ಸಾಲಗಾರ’, ‘ಜಾಮೀನುದಾರ’, ‘ಅಡಮಾನದಾರ’, ‘ಸಮ್ಮತಿದಾರ’, ‘ಸಾಕ್ಷಿ’ ಎಂಬ ಪದಗಳಲ್ಲಿ ಯಾವುದಾದರೂ ಒಂದು ಇರುತ್ತದೆ. ಅಡಮಾನದಾರ ಎಂದಿದ್ದರೆ, ಸಾಲದ ಒಂದು ರೂಪಾಯಿಯನ್ನೂ ಆಕೆ ಪಡೆಯದಿದ್ದರೂ, ಆಕೆಯ ಪಾಲು ಸೇರಿ ಇಡೀ ಮನೆ ಬ್ಯಾಂಕಿಗೆ ಒತ್ತೆಯಾಗಿದೆ. ಕೋರ್ಟಿಗೆ ಹೋಗದೆಯೇ ಒತ್ತೆಯ ಆಸ್ತಿಯನ್ನು ವಶಕ್ಕೆ ಪಡೆದು ಮಾರಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯು ಅಡಮಾನ ಮಾಡಿಕೊಟ್ಟವರನ್ನೂ ಜಾಮೀನು ನಿಂತವರನ್ನೂ ‘ಸಾಲಗಾರ’ ಎಂದೇ ಪರಿಗಣಿಸುತ್ತದೆ. ಸಮ್ಮತಿದಾರ ಎಂದಿದ್ದರೆ ಮುಂದೆ ‘ನನಗೆ ಗೊತ್ತಿರಲಿಲ್ಲ’ ಎನ್ನುವ ವಾದ ಬಹಳ ದುರ್ಬಲವಾಗುತ್ತದೆ. ಬರೀ ಸಾಕ್ಷಿಯ ಸಹಿಯೊಂದರಿಂದಲೇ ಪಾಲು ಅಡಮಾನವಾಗುವುದಿಲ್ಲ. ಗೃಹಸಾಲ ಕೊಡುವಾಗ ಬ್ಯಾಂಕುಗಳು ಸಾಮಾನ್ಯವಾಗಿ ಎಲ್ಲ ಮಾಲೀಕರ ಸಹಿಯನ್ನೂ ಪಡೆಯುತ್ತವೆ. ತೊಡಕು ಹುಟ್ಟುವುದು ಹೆಚ್ಚಾಗಿ ಆಮೇಲೆ ಎತ್ತಿದ ವ್ಯಾಪಾರದ ಸಾಲಗಳಲ್ಲಿ.

ಆಕೆಯ ಸಹಿ ಎಲ್ಲಿಯೂ ಇಲ್ಲ, ಗಂಡನೊಬ್ಬನೇ ಕಪಾಟಿನಲ್ಲಿದ್ದ ಮೂಲ ಖರೀದಿ ಪತ್ರವನ್ನು ಒಯ್ದು ಠೇವಣಿ ಇಟ್ಟು ಸಾಲ ಎತ್ತಿದ್ದಾನೆ ಎಂದಾದರೆ ಲೆಕ್ಕ ಬೇರೆ. ಕಾಗದ ಪೂರ್ಣ ಮನೆಯದ್ದಾಗಿದ್ದರೂ ಅವನು ಗಹಾಣ ಇಡಬಲ್ಲದ್ದು ತನ್ನ ಪಾಲನ್ನು ಮಾತ್ರ. ಖರೀದಿ ಪತ್ರದಲ್ಲಿ ಪಾಲು ಬರೆದಿರದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಮಿನಂತೆ ಯಾರು ಎಷ್ಟು ಹಣ ಹಾಕಿದರೋ ಅಷ್ಟು ಪಾಲು. ಪುರಾವೆ ಇಲ್ಲದಿದ್ದರೆ ಸಮಪಾಲು. ತವರಿನಿಂದ ಬಂದ ಹಣವೋ ಸಂಬಳದ ಉಳಿತಾಯವೋ ಮನೆಗೆ ಹೋಗಿದ್ದರೆ ಆ ಕಾಲದ ಪಾಸ್‌ಬುಕ್ ಈಗ ಬೆಲೆಬಾಳುತ್ತದೆ. ಅದೇ ಕಾಯ್ದೆಯ 44ನೇ ಕಲಮಿನಂತೆ, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಂದು ಪಾಲನ್ನು ಕೊಂಡ ಹೊರಗಿನವನು ಒಳಗೆ ಬಂದು ಜೊತೆಯಲ್ಲಿ ವಾಸಿಸುವಂತಿಲ್ಲ. ಅವನು ವಿಭಾಗದ ದಾವೆ ಹೂಡಬೇಕು, ಹೂಡಿದಾಗ 1893ರ ವಿಭಾಗ ಕಾಯ್ದೆಯ 4ನೇ ಕಲಮಿನಡಿ ಆ ಪಾಲನ್ನು ನ್ಯಾಯಾಲಯ ಕಟ್ಟಿದ ಬೆಲೆಗೆ ತಾನೇ ಕೊಳ್ಳುತ್ತೇನೆಂದು ಮನೆಯವರು ಕೇಳಬಹುದು. ಪಿತ್ರಾರ್ಜಿತ ಮನೆಯಾಗಿದ್ದರೆ ಮಾತ್ರ ಎಚ್ಚರ ಬೇಕು: ಕುಟುಂಬದ ಅಗತ್ಯಕ್ಕಾಗಿ ಕರ್ತಾ (ಮನೆಯ ಯಜಮಾನ) ಮಾಡಿದ ಅಡಮಾನ ಸಹಿ ಹಾಕದವರನ್ನೂ ಕಟ್ಟಿಹಾಕಬಹುದು.

ಇನ್ನು ದಿನಗಳ ಲೆಕ್ಕ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಿ ನಿಂತ ಸಾಲ) ಆಗುತ್ತದೆ. ಆಮೇಲೆ ಒಂದೆರಡು ಕಂತು ಕಟ್ಟಿದರೆ ಖಾತೆ ಸರಿಹೋಗದು, ಬಾಕಿ ಉಳಿದ ಅಸಲು-ಬಡ್ಡಿ ಪೂರ್ತಿ ಕಟ್ಟಬೇಕು. ಎನ್‌ಪಿಎ ಆದ ನಂತರ ಸರ್ಫೇಸಿ ಕಾಯ್ದೆಯ ಕಲಂ 13(2)ರ ನೋಟಿಸು ಬರುತ್ತದೆ; ಸಾಲ ತೀರಿಸಲು 60 ದಿನಗಳಿರುತ್ತವೆ. ಈ ಅವಧಿಯಲ್ಲಿ ಸುಮ್ಮನೆ ಕೂಡುವುದೇ ದೊಡ್ಡ ತಪ್ಪು. ಸಹಿ ಹಾಕದ ಸಹಮಾಲೀಕರು ಖರೀದಿ ಪತ್ರದ ಪ್ರತಿ ಲಗತ್ತಿಸಿ, ತಮ್ಮ ಪಾಲು ಅಡಮಾನವಾಗಿಲ್ಲ ಎಂಬ ತಕರಾರನ್ನು ನೋಂದಾಯಿತ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ನೋಟಿಸು ಬಂದ ಸಾಲಗಾರನೂ ತಕರಾರು ಸಲ್ಲಿಸಬಹುದು, ಅದನ್ನು ಒಪ್ಪದಿದ್ದರೆ ಬ್ಯಾಂಕು 15 ದಿನಗಳೊಳಗೆ ಕಾರಣ ತಿಳಿಸಬೇಕು. ನೋಟಿಸು ಬಂದ ಮೇಲೆ ಗಂಡನ ಪಾಲನ್ನು ಹೆಂಡತಿಗೆ ದಾನಪತ್ರ ಮಾಡಿಸುವ ಸಲಹೆ ಕೊಡುವವರು ಕಚೇರಿಯ ಮುಂದೆ ಸಿಗುತ್ತಾರೆ. ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಹಾಗೆ ವರ್ಗಾಯಿಸುವುದನ್ನು ಕಲಂ 13(13) ತಡೆಯುತ್ತದೆ.

60 ದಿನ ಮುಗಿದ ಬಳಿಕ ಸ್ವಾಧೀನದ ನೋಟಿಸನ್ನು ಗೇಟಿಗೋ ಬಾಗಿಲಿಗೋ ಅಂಟಿಸಿ, ಏಳು ದಿನಗಳೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು. ಅಂಟಿಸಿದ ಹಾಳೆಯನ್ನು ಹರಿದು ಬಿಸಾಡದೆ ತಾರೀಖು ಕಾಣುವಂತೆ ಫೋಟೋ ತೆಗೆದು, ಅದರಲ್ಲಿರುವ ಸಿಟಿಎಸ್ (ಸಿಟಿ ಸರ್ವೆ) ಸಂಖ್ಯೆ, ಕ್ಷೇತ್ರ, ಚಕ್ಕುಬಂದಿಗಳನ್ನು ಉತಾರದೊಂದಿಗೆ ಹೋಲಿಸಬೇಕು. ‘ಪೂರ್ಣ ಆಸ್ತಿ’ ಎಂದು ಬರೆದಿದೆಯೋ, ‘ಅವಿಭಾಜ್ಯ ಅರ್ಧ ಪಾಲು’ ಎಂದೋ? ಸ್ವಾಧೀನದ ಕ್ರಮ ಕೈಗೊಂಡ ದಿನದಿಂದ 45 ದಿನಗಳೊಳಗೆ ಕಲಂ 17ರಡಿ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, ಅರ್ಜಿ ಸಲ್ಲಿಸಬೇಕು. ಬಾಧಿತರಾದ ಯಾರೇ ಆಗಲಿ ಸಲ್ಲಿಸಬಹುದು, ಸಾಲಗಾರರೇ ಆಗಿರಬೇಕೆಂದಿಲ್ಲ. ಆದರೆ ನಮ್ಮ ಭಾಗದವರು ಇದಕ್ಕೆ ಬೆಂಗಳೂರಿಗೇ ಹೋಗಬೇಕು. ಧಾರವಾಡದ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ತಂದರಾಯಿತು ಎಂದು ದಿನ ಕಳೆಯಬಾರದು; ಡಿಆರ್‌ಟಿ ತೀರ್ಮಾನಿಸಬೇಕಾದ ವಿಷಯಗಳಲ್ಲಿ ಸಿವಿಲ್ ಕೋರ್ಟು ಕೈಹಾಕುವುದನ್ನು ಕಲಂ 34 ನಿರ್ಬಂಧಿಸುತ್ತದೆ.

ವಕೀಲರ ಫೀಗೆ ಹೆದರಿ ಹಿಂದೆ ಸರಿಯುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬೇಕು. 1987ರ ಕಾಯ್ದೆಯ ಪ್ರಕಾರ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು.

ಮನೆ ಉಳಿಸಲು ಹಣ ಹೊಂದಿಸುವವರು ಒಂದು ಗಡುವನ್ನು ಮರೆಯಬಾರದು. 2016ರ ತಿದ್ದುಪಡಿಯ ನಂತರ, ಹರಾಜಿನ ಪ್ರಕಟಣೆ ಹೊರಬೀಳುವುದಕ್ಕೆ ಮೊದಲೇ ಬಾಕಿ ಹಣವನ್ನೂ ಖರ್ಚನ್ನೂ ಪೂರ್ತಿ ಕಟ್ಟಿರಬೇಕು. ಹರಾಜಿನ ದಿನದವರೆಗೆ ಅವಕಾಶವಿದೆ ಎಂಬ ಹಳೆಯ ನಂಬಿಕೆ ಈಗ ನಡೆಯದು. ಇಬ್ಬರೂ ಸೇರಿ ಅಡಮಾನ ಮಾಡಿದ್ದರೆ, ‘ಅರ್ಧ ಸಾಲ ಕಟ್ಟುತ್ತೇನೆ, ನನ್ನ ಅರ್ಧ ಬಿಡಿ’ ಎಂದು ಬ್ಯಾಂಕನ್ನು ಒತ್ತಾಯಿಸಲು ಬರುವುದಿಲ್ಲ. ಹೆಂಡತಿಯೇ ಸಾಲ ತೀರಿಸುವುದಾದರೆ ಹಣ ತನ್ನ ಖಾತೆಯಿಂದಲೇ ಹೋಗುವಂತೆ ನೋಡಿಕೊಳ್ಳಬೇಕು. ಗಂಡನ ಪಾಲಿನಿಂದ ಅದನ್ನು ಮುಂದೆ ಕೇಳಿ ಪಡೆಯಬೇಕಾದರೆ ಅದೇ ಆಧಾರ.

ಸಾಲ ಪತ್ತಿನ ಸಹಕಾರ ಸಂಘದ್ದಾಗಿದ್ದರೆ ದಾರಿ ಬೇರೆ. ಸಹಕಾರಿ ಬ್ಯಾಂಕುಗಳಿಗೆ ಸರ್ಫೇಸಿ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ, ಆದರೆ ಸೊಸೈಟಿಗಳು ಬ್ಯಾಂಕುಗಳಲ್ಲ. ಅವುಗಳ ವ್ಯಾಜ್ಯ 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ನಡೆಯುತ್ತದೆ, ಅಲ್ಲಿಂದ ಬಂದ ಸಮನ್ಸಿಗೆ ಅಲ್ಲಿಯೇ ಹಾಜರಾಗಬೇಕು. ಗದಗ, ಹಾವೇರಿ ಕಡೆಯ ಹೊಲಗಳಿಗೆ ಸರ್ಫೇಸಿ ತಾಗದು, ಹೊಲ ಎನ್‌ಎ (ಕೃಷಿಯೇತರ) ಆಗಿದ್ದರೆ ಆ ರಕ್ಷಣೆ ಉಳಿಯದು.

ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ಕಾಗದಗಳನ್ನು ಮರಳಿಸಬೇಕೆಂದೂ, ತನ್ನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದೂ ರಿಸರ್ವ್ ಬ್ಯಾಂಕಿನ ನಿಯಮವಿದೆ. ಅದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಮೂಲ ಖರೀದಿ ಪತ್ರವನ್ನು ತರಲು ಇಬ್ಬರೂ ಹೋಗಬೇಕು. ಅದೇ ವಾರ ಉತಾರದಲ್ಲಿರುವ ಬೋಜಾ (ಸಾಲದ ನಮೂದು) ಕಡಿಮೆ ಮಾಡಿಸಲು ಅರ್ಜಿ ಕೊಟ್ಟು, ಒಂದು ತಿಂಗಳ ನಂತರ ಋಣಭಾರ ಪ್ರಮಾಣಪತ್ರವನ್ನು ಇನ್ನೊಮ್ಮೆ ತೆಗೆಸಿ ನೋಡಬೇಕು.